ಪೆಟ್ಟಿಗೆಯ ಪಕ್ಕದ ನೀರು

ನನ್ನ ನೆನಪಿನಲ್ಲಿ ಅವ್ವ ತೆಂಗಿನ ಬುಡದಲ್ಲಿ ಬಗ್ಗಿ ನಿಂತಿದ್ದಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಕೈಯಲ್ಲಿ ಬಿಳಿ ಪಿಂಗಾಣಿ ಬಟ್ಟಲು. ನೀರನ್ನು ಒಮ್ಮೆಲೇ ಚೆಲ್ಲದೆ, ತರ್ಪಣ ಬಿಡುವವರ ಹಾಗೆ ನಿಧಾನವಾಗಿ ಬಿಡುತ್ತಾಳೆ. ಬಟ್ಟಲು ಬರಿದಾದ ಮೇಲೆ ಅದನ್ನು ಬೋರಲು ಹಿಡಿದು ಒಮ್ಮೆ ಕೊಡವುತ್ತಾಳೆ.

ಈ ಚಿತ್ರವನ್ನು ನಾನು ಎಂಟು ವರ್ಷ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಅದನ್ನು ಕತೆ ಮಾಡಿ ಹಲವರಿಗೆ ಹೇಳಿದ್ದೆ. ಅದು ನಡೆಯಲೇ ಇಲ್ಲ ಎಂದು ನನ್ನದೇ ಕೈಬರಹ ಹೇಳುತ್ತದೆ.

2001ರಲ್ಲಿ ಗೋವಾದ ಸಾಂಕೋಲೆಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಅಲ್ಲಿ ಇಲ್ಲಿ ನಾಲ್ಕು ವರ್ಷ ಪಾಠ ಹೇಳಿದ ಮೇಲೆ ಸಿಕ್ಕ ಮೊದಲ ಕಾಯಂ ಕೆಲಸ ಅದು. ಇತಿಹಾಸಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವ್ವ ನನ್ನ ಜೊತೆ ಬಂದಳು. ಕಾರ್ಖಾನೆಗಳ ಸಾಲು ದಾಟಿ ನದಿಯ ಕಡೆ ಇಳಿಯುವ ಓಣಿಯಲ್ಲಿ ಒಂದು ಹಳೆಯ ಮನೆ. ಅದರ ಹಿಂಭಾಗದ ಎರಡು ಕೋಣೆಗಳಲ್ಲಿ ನಾವು, ಮುಂಭಾಗದಲ್ಲಿ ಮನೆಯೊಡತಿ. ಅರವತ್ತೆಂಟು ದಾಟಿದ ಕ್ರಿಶ್ಚಿಯನ್ ಹೆಂಗಸು, ಒಬ್ಬರೇ ಇದ್ದರು. ಅವ್ವ ಅವರನ್ನು ಬಾಯಾರ ಎಂದು ಕರೆಯುತ್ತಿದ್ದಳು, ನಾನೂ ಹಾಗೇ ಕರೆದೆ.

ಬಾಯಾರ ಹುಡುಗಿಯಾಗಿದ್ದಾಗ ಬೆಳಗಾವಿಯ ಬೋರ್ಡಿಂಗಿನಲ್ಲಿದ್ದು ಓದಿದವರು. ಕನ್ನಡ ಅರ್ಧ ಮರೆತಿದ್ದರು. ಅವ್ವನ ಜೊತೆ ಕೂತ ಒಂದೆರಡು ತಿಂಗಳಲ್ಲಿ ಮರೆತದ್ದೆಲ್ಲ ವಾಪಸು ಬಂತು. ಮನೆಯ ಮುಂದೆ ಕಲ್ಲಿನ ಆಸನಗಳ ಜಗುಲಿ ಇತ್ತು, ಗೋವಾದವರು ಬಲ್ಕಾಂವ್ ಎನ್ನುವುದು. ಸಂಜೆ ಐದಕ್ಕೆ ಇಬ್ಬರೂ ಎದುರುಬದುರಾಗಿ ಅಲ್ಲಿ ಕೂತರೆ ನಾನು ಬಸ್ಸಿಳಿದು ಬರುವವರೆಗೂ ಏಳುತ್ತಿರಲಿಲ್ಲ.

"ನಿಮ್ಮ ಭಕ್ರಿ ಬಡಿಯೂ ಸಪ್ಪಳ ಕೇಳಿದ್ರ ನನಗ ಬೋರ್ಡಿಂಗ್ ನೆನಪ ಆಗ್ತದ" ಎಂದು ಬಾಯಾರ ಹೇಳುತ್ತಿದ್ದರು. "ಸಿಸ್ಟರು ನಮಗ ಬರೇ ಪಾವ್ ಕೊಡ್ತಿದ್ರು. ಭಕ್ರಿ ವಾಸನಿ ಅಷ್ಟ ಗೋಡಿ ದಾಟಿ ಬರ್ತಿತ್ತು."

"ನಿಮ್ಮ ಮೀನದ ವಾಸನಿನೂ ಗೋಡಿ ದಾಟತದ್ರಿ ಬಾಯಾರ. ನಾ ಏನರ ಅಂದೇನೇನು?"

"ಅನ್ನಬ್ಯಾಡ್ರಿ. ಮೂಗ ಮುಚ್ಚಿಕೊಂಡು ನೀವು ಕೂಡೂದು ನನಗ ಕಾಣತದ."

ಜೋಳದ ಹಿಟ್ಟು ತರಲು ಅವ್ವ ವಾರಕ್ಕೊಮ್ಮೆ ಝುವಾರಿನಗರಕ್ಕೆ ಹೋಗುತ್ತಿದ್ದಳು. ಅಲ್ಲಿ ನಮ್ಮ ಕಡೆಯ ಮಾತು ಕಿವಿಗೆ ಬೀಳುತ್ತಿತ್ತು, ನಿಜ. ಆದರೆ ಅಲ್ಲಿಯ ಹೆಂಗಸರು ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೋಗುವವರು. ಕೂತು ಮಾತಾಡಲು ಅವರಿಗೆ ಪುರಸೊತ್ತಿರಲಿಲ್ಲ. ಹಾಗಾಗಿ ಗೋವಾದಲ್ಲಿ ಅವ್ವನಿಗೆ ಇದ್ದ ಗೆಳೆತನ ಇದೊಂದೇ. ಇದು ನನಗೆ ಆಗಲೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಆ ಪೆಟ್ಟಿಗೆಯನ್ನು ಬಾಯಾರ ನಮಗೆ ತೋರಿಸಿದ್ದು ಮೊದಲ ಕ್ರಿಸ್ಮಸ್ಸಿನಲ್ಲಿ. ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು, ಕಪ್ಪು. ಬಣ್ಣ ಬಳಿದ ಕಪ್ಪಲ್ಲ ಅದು. ಬಾವಿಯೊಳಗೆ ಇಣುಕಿದಾಗ ಕಾಣುವ ಆಳದ ಕಪ್ಪು. ಮುಚ್ಚಳದ ಮೇಲೆ ತೆರೆಗಳು, ಒಂದು ಪೈನ್ ಕೊಂಬೆ, ರೆಕ್ಕೆ ಬಿಚ್ಚಿದ ಎರಡು ಕೊಕ್ಕರೆ. ಎಲ್ಲವೂ ಮುತ್ತಿನ ಚಿಪ್ಪನ್ನು ಕಾಗದದಷ್ಟು ತೆಳ್ಳಗೆ ಸೀಳಿ, ಕತ್ತರಿಸಿ ಕೂಡಿಸಿದ್ದು. ಒಂದೊಂದು ಗರಿಯೂ ಬೇರೆ ಬೇರೆ ಚೂರು. ಸ್ವಲ್ಪ ಓರೆ ಮಾಡಿದರೆ ಬಿಳಿ ಇದ್ದದ್ದು ಹಸಿರಾಗುತ್ತಿತ್ತು, ಆಮೇಲೆ ಗುಲಾಬಿ.

"ನಮ್ಮ ಗೋಕಾಕದ ಆಟಿಗಿ ಸಾಮಾನಿಗೂ ಇಂಥಾ ಮೆರಗ ಇರೂದಿಲ್ಲ" ಎಂದಳು ಅವ್ವ. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಬಾಯಾರ ಗಂಡ ಹಡಗಿನಲ್ಲಿ ಅಡಿಗೆಯವನಾಗಿದ್ದ. ಜಪಾನಿನ ಬಂದರೊಂದರಲ್ಲಿ ಈ ಪೆಟ್ಟಿಗೆ ಕೊಂಡು, ರಜೆಗೆ ಊರಿಗೆ ಹೊರಟ ಜೊತೆಗಾರನ ಕೈಯಲ್ಲಿ ಕಳಿಸಿದ್ದ. ಪೆಟ್ಟಿಗೆ ಬಂತು. ಅವನು ಬರಲಿಲ್ಲ. ಒಂದು ಬೆಳಿಗ್ಗೆ ಹಡಗಿನಲ್ಲಿ ಅವನು ಕಾಣಲಿಲ್ಲವಂತೆ. ಕಂಪನಿಯಿಂದ ಬಂದ ಕಾಗದದಲ್ಲಿ ಅದಕ್ಕಿಂತ ಹೆಚ್ಚೇನೂ ಇರಲಿಲ್ಲವಂತೆ. ಮೂವತ್ತು ವರ್ಷದ ಮೇಲಾಗಿತ್ತು. ಬಾಯಾರ ಇದನ್ನು ಪೆಟ್ಟಿಗೆ ಒರೆಸುತ್ತಲೇ ಹೇಳಿದರು. ಹಳೆಯ ರೇಷ್ಮೆ ಬಟ್ಟೆಯಿಂದ, ಮಗುವಿನ ಮುಖ ಒರೆಸಿದ ಹಾಗೆ.

2003ರ ಫೆಬ್ರವರಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅವರು ಮುಂಬೈಗೆ, ತಂಗಿಯ ಮನೆಗೆ ಹೋದರು. ಮೂರು ವಾರ. ಹೋಗುವ ದಿನ ಅವ್ವನ ಕೈಗೆ ಬೀಗದ ಕೈಗಳ ಗೊಂಚಲು ಕೊಟ್ಟರು. ನಮ್ಮ ಅಡಿಗೆಮನೆಗೂ ಅವರ ಒಳಕೋಣೆಗೂ ನಡುವೆ ಒಂದು ಬಾಗಿಲಿತ್ತು; ಅದನ್ನೂ ತೆರೆದರು. ಒಳಕೋಣೆಯ ಕಪಾಟಿನಲ್ಲಿ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕದಲ್ಲಿ ಬಿಳಿ ಬಟ್ಟಲಿನಲ್ಲಿ ನೀರು.

"ಈ ಬಟ್ಟಲದಾಗಿನ ನೀರ ಬತ್ತಾಕ ಬಿಡಬ್ಯಾಡ್ರಿ. ಎರಡ ದಿನಕ್ಕೊಮ್ಮಿ ತುಂಬಿಸ್ರಿ" ಎಂದರು. "ಉಳದದ್ದ ಏನ ಆದ್ರೂ ಆಗಲಿ."

ಯಾಕೆ ಎಂದು ಅವರು ಹೇಳಲಿಲ್ಲ. ನಾವು ಕೇಳಲಿಲ್ಲ. ಮೂವತ್ತು ವರ್ಷ ಮಾಡಿಕೊಂಡು ಬಂದ ಕೆಲಸಕ್ಕೆ ಕಾರಣ ಹೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ನಾಲ್ಕೈದು ದಿನ ಅವ್ವ ನೀರು ತುಂಬಿಸಿದಳು. ಆಮೇಲೆ ಒಂದು ಬೆಳಿಗ್ಗೆ, ನಾನು ಚಹಾ ಕುಡಿಯುತ್ತ ಪೇಪರು ನೋಡುತ್ತಿದ್ದಾಗ, ಕೇಳಿದಳು: "ಆ ನೀರ ಯಾರಿಗೆ ಇಡತಾರಂತ ತಿಳದೀದಿ?"

"ಪೆಟಗಿಗಿ ಇಡತಾರ."

"ಪೆಟಗಿ ನೀರ ಕುಡೀತದೇನ, ಶಾಣ್ಯಾಕಿ?" ಧ್ವನಿ ತಗ್ಗಿಸಿದಳು. "ಗಂಡಗ ಇಡತಾಳ ನೋಡವಾ. ಹೆಣಾನೂ ಸಿಗಲಿಲ್ಲ, ಮಣ್ಣೂ ಆಗಲಿಲ್ಲ. ನಾವು ಹತ್ತ ದಿನಕ್ಕ ಮುಗಸ್ತೀವಿ. ಆಕಿ ಇನ್ನೂ ಮುಗಸಿಲ್ಲ. ಹಿಂಗ ನೀರ ಇಟಗೊಂತ ಕುಂತ್ರ ಅಂವ ಹೆಂಗ ಹೋಗಬೇಕು, ಪಾಪ?"

ನಮ್ಮ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಜೀವ ಹೋದ ಜಾಗದಲ್ಲಿ ದೀಪ ಹಚ್ಚಿ ಒಂದು ಪಾತ್ರೆಯಲ್ಲಿ ನೀರಿಡುತ್ತಾರೆ. ಹತ್ತನೆಯ ದಿನ ಅದನ್ನು ತೆಗೆಯುತ್ತಾರೆ. ಅಪ್ಪನಿಗೂ ಅವ್ವ ಹಾಗೇ ಇಟ್ಟಿದ್ದಳು. ಹೀಗಾಗಿ ಆ ಬಟ್ಟಲು ಕಂಡಾಗ ಅವಳಿಗೆ ಬೇರೆ ಏನು ತೋಚಲು ಸಾಧ್ಯವಿತ್ತು?

ಆದರೆ ನಾನು ಓದಿದವಳು. ನಾನು ಅವಳ ಮಾತನ್ನು ನಕ್ಕು ಬಿಡಬಹುದಿತ್ತು. ಬಿಡಲಿಲ್ಲ. ಧರ್ಮ ಬದಲಾದರೂ ಮನೆಯೊಳಗಿನ ಹಳೆಯ ಆಚಾರ ಹೇಗೆ ತಲೆಮಾರುಗಟ್ಟಲೆ ಉಳಿಯುತ್ತದೆ, ಇಲ್ಲಿಯವರ ಪೂರ್ವಜರು ನಾಲ್ಕುನೂರು ವರ್ಷದ ಹಿಂದೆ ಏನು ಮಾಡುತ್ತಿದ್ದಿರಬಹುದು ಎಂದು ಅವಳಿಗೆ ವಿವರಿಸಿದೆ. ಪಾಠ ಹೇಳಲು ಸಿಗದ ಎರಡು ವರ್ಷದ ಹಸಿವು ಅದರಲ್ಲಿತ್ತು. ಅವ್ವ ಬಾಯಿ ತೆರೆದು ಕೇಳಿದಳು. ಅವಳಿಗಿದ್ದ ಅನುಮಾನ ನನ್ನ ಬಾಯಿಂದ ಖಾತ್ರಿಯಾಯಿತು.

ಆ ದಿನದಿಂದ ಮಧ್ಯಾಹ್ನ ಒಬ್ಬಳೇ ಒಳಗಿರಲು ಅವಳಿಗೆ ಮನಸ್ಸಾಗಲಿಲ್ಲ. ಬಲ್ಕಾಂವಿಗೆ ತಟ್ಟೆ ತಂದು ಊಟ ಮಾಡುತ್ತಿದ್ದಳು. ಒಳಕೋಣೆಯ ಕಿಟಕಿಗೆ ಗಾಜಿನ ಬದಲು, ಹಳೆಯ ಮನೆಗಳಲ್ಲಿ ಇರುವಂತೆ, ಕಡಲ ಚಿಪ್ಪಿನ ತುಂಡುಗಳನ್ನು ಕೂಡಿಸಿದ್ದರು. ಅದರಿಂದ ಬೀಳುವ ಬೆಳಕು ಹಾಲಿನ ಹಾಗೆ ಮಂದ. ಆ ಬೆಳಕಿನಲ್ಲಿ ಯಾರೋ ನಿಂತಂತೆ ಅನ್ನಿಸುತ್ತದೆ ಎಂದಳು. ನಾನು ರೇಗಿದೆ. ಕಪಾಟು ತೆರೆದರೆ ಮುಗ್ಗಲು ವಾಸನೆ ಬರುತ್ತಿದ್ದುದೂ ನಿಜ.

ಒಂದು ರವಿವಾರ ಬಟ್ಟಲಿನ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದ್ದಾಯಿತು. ವಾಸನೆ ಹೋಗಲೆಂದು ಪೆಟ್ಟಿಗೆಯನ್ನು ಬಲ್ಕಾಂವಿನ ಕಲ್ಲಾಸನದ ಮೇಲೆ ಬಿಸಿಲಿಗಿಟ್ಟದ್ದೂ ಆಯಿತು. ನಾವು ಎಲ್ಲವನ್ನೂ ಬಿಸಿಲಿಗಿಡುವ ಜನ. ಹಪ್ಪಳ, ಮೆಣಸಿನಕಾಯಿ, ಹಾಸಿಗೆ, ಪುಸ್ತಕ. ಬಿಸಿಲಿನಿಂದ ಕೆಡುವ ವಸ್ತು ಲೋಕದಲ್ಲಿ ಇದೆ ಎಂಬುದು ನಮಗಿಬ್ಬರಿಗೂ ತಿಳಿದಿರಲಿಲ್ಲ. ಸಂಜೆ ಪೆಟ್ಟಿಗೆಯನ್ನು ಒಳಗಿಡುವಾಗ ಅದು ಒಲೆಯಿಂದ ಇಳಿಸಿದ ಪಾತ್ರೆಯಂತೆ ಬೆಚ್ಚಗಿತ್ತು. ವಾಸನೆ ಹೋಗಿತ್ತು.

ಮೂರನೆಯ ದಿನ ಸಪ್ಪಳ ಶುರುವಾಯಿತು.

ಟಿಕ್. ಉಗುರಿನಿಂದ ಯಾರೋ ಹಲಗೆ ತಟ್ಟಿದ ಹಾಗೆ. ಆಮೇಲೆ ಬಹಳ ಹೊತ್ತು ಏನಿಲ್ಲ. ಮತ್ತೆ ಟಿಕ್. ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ನಿಂತಾಗ ನಾನೂ ಕೇಳಿದೆ. ಗೆದ್ದಲು ಇರಬೇಕು, ಹಲ್ಲಿ ಇರಬೇಕು ಎಂದೆ. ಮೊದಲು ಅವ್ವ "ಅಂವ ಹೊಂಟಾನ" ಎಂದಳು, ಸಮಾಧಾನದಿಂದಲೇ. ಎರಡು ದಿನವಾದರೂ ನಿಲ್ಲದಿದ್ದಾಗ "ಅಂವ ಹೋಗವಲ್ಲ" ಎಂದಳು.

"ಮತ್ತ ನೀರ ಇಟ್ಟ ಬಿಡೂಣವಾ. ಆಕಿ ಹೇಳಿ ಹೋಗ್ಯಾಳ. ನಮಗ್ಯಾಕ ಬೇಕಾಗಿತ್ತ?"

"ಈಗ ಇಟ್ರ ಮತ್ತ ಮೊದಲಿಂದ ಶುರು ಮಾಡ್ತಿ. ಸುಮ್ನಿರು."

ಈ ಎರಡು ಮಾತು ನನಗೆ ಚೆನ್ನಾಗಿ ನೆನಪಿವೆ. ಅವಳು ಹಿಂದಕ್ಕೆ ಹೋಗಲು ನೋಡಿದಳು, ನಾನು ತಡೆದೆ. ಎಂಟು ವರ್ಷ ಸುಳ್ಳು ಚಿತ್ರವನ್ನು ನಂಬಿದಾಗಲೂ ಈ ಮಾತುಗಳು ಅದರ ಪಕ್ಕದಲ್ಲೇ ಇದ್ದವು. ಎರಡನ್ನೂ ಕೂಡಿಸಿ ನೋಡಲಿಲ್ಲ, ಅಷ್ಟೇ.

ಆ ವಾರದ ಕೊನೆಗೆ ಕಪಾಟು ತೆರೆದೆ. ಪೆಟ್ಟಿಗೆಯ ಸುತ್ತ ಮೀನಿನ ಹುರುಪೆಯಂಥ ಚೂರುಗಳು ಬಿದ್ದಿದ್ದವು. ಒಂದು ಕೊಕ್ಕರೆಯ ಎಡ ರೆಕ್ಕೆ ಪೂರ್ತಿ ಎದ್ದುಹೋಗಿತ್ತು. ಅದಿದ್ದ ಜಾಗದಲ್ಲಿ ರೆಕ್ಕೆಯ ಆಕಾರದ ಮಾಸಲು ಕಲೆ. ಮುಚ್ಚಳದ ಕಪ್ಪು ಒಂದು ಕಡೆ ಮಂಕಾಗಿ, ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ನಾನು ನೋಡುತ್ತಿದ್ದಂತೆಯೇ ಇನ್ನೊಂದು ಗರಿ ಟಿಕ್ ಎಂದು ಎದ್ದು ಕೆಳಗೆ ಬಿತ್ತು. ಸಪ್ಪಳಕ್ಕೆ ಕಾರಣ ಸಿಕ್ಕಿತ್ತು. ಆದರೆ ಹೆದರಿಕೆ ಶುರುವಾದದ್ದು ಆಗಲೇ.

ಚೂರುಗಳನ್ನು ಅವ್ವ ಒಂದೊಂದಾಗಿ ಆರಿಸಿ ಕಾಗದದಲ್ಲಿ ಕಟ್ಟಿದಳು. "ಬಾಯಾರ ಬರಲಿ, ನಾ ಹೇಳ್ತೇನಿ" ಎಂದಳು. ಅವಳು ಏನು ಹೇಳುತ್ತಾಳೆ ಎಂದು ನಾನು ಕೇಳಲಿಲ್ಲ.

ಬಾಯಾರ ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಬಂದರು. ಚೀಲ ಇಳಿಸಿ ನೇರ ಕಪಾಟಿಗೇ ಹೋದರು. ಕಣ್ಣಿಗಿಂತ ಮೊದಲು ಅವರ ಬೆರಳು ಮುಚ್ಚಳದ ಮೇಲೆ ಓಡಿತು, ರೆಕ್ಕೆ ಇದ್ದ ಜಾಗದಲ್ಲಿ ನಿಂತಿತು.

"ಯಾರ ತಗದ್ರು ಇದನ್ನ ಹೊರಗ?"

"ನಾನರೀ ಬಾಯಾರ" ಎಂದಳು ಅವ್ವ. "ನೀರ ಚೆಲ್ಲಿ ಬಿಸಲಿಗಿ ಇಟ್ಟೆ. ನನ್ನ ಕೈಲೆ ತಪ್ಪ ಆತು."

ಬಾಯಾರ ಅವಳನ್ನು ನೋಡಿದರು. ಆಮೇಲೆ ನನ್ನನ್ನು. "ನೀ ಮನ್ಯಾಗ ಇದ್ದೇನ ಗೋ?"

"ನನಗ ಗೊತ್ತಾಗಲಿಲ್ರಿ" ಎಂದೆ.

ಅವರು ಬೈಯಲಿಲ್ಲ. ಪೆಟ್ಟಿಗೆ ತೆರೆದು ಒಂದು ಕಾಗದ ತೆಗೆದರು. ರೋಮನ್ ಅಕ್ಷರದಲ್ಲಿ ಗಂಡ ಬರೆದ ಕೊಂಕಣಿ. ಅದನ್ನು ಕಣ್ಣ ಹತ್ತಿರ ಹಿಡಿದು ನಮಗಾಗಿ ಕನ್ನಡದಲ್ಲಿ ಹೇಳಿದರು: "ಅಂಗಡಿ ಮುದುಕ ಹೇಳ್ಯಾನ, ಇದು ಮರದ ಹಾಲಿನಿಂದ ಮಾಡಿದ್ದು. ಬಿಸಲ ಆಗೂದಿಲ್ಲ. ಹವಾ ಒಣಗಿದ ತಿಂಗಳದಾಗ ಹತ್ರ ಒಂದ ಬಟ್ಟಲ ನೀರ ಇಡು. ನಾ ಬಂದ ಮ್ಯಾಲ ನಾನ ಇಡ್ತೇನಿ."

ಕಾಗದ ಮಡಚಿ ಒಳಗಿಟ್ಟರು. ಅವ್ವ ಕೊಟ್ಟ ಪೊಟ್ಟಣವನ್ನೂ ಅದರ ಮೇಲೇ ಇಟ್ಟು ಮುಚ್ಚಿದರು. ನಡುವಿನ ಬಾಗಿಲನ್ನು ಅವತ್ತೇ ಆ ಕಡೆಯಿಂದ ಹಾಕಿಕೊಂಡರು.

ಮುಂದೆ ಎಷ್ಟೋ ವರ್ಷಕ್ಕೆ, ಒಂದು ಗ್ರಂಥಾಲಯದ ಪುಸ್ತಕದಲ್ಲಿ, ಕಪ್ಪು ಮೆರುಗಿಗೆ ಬಳಿಯುವ ಆ ಮರದ ಹಾಲು ಗಟ್ಟಿಯಾಗಲು ಕೂಡ ತೇವದ ಗಾಳಿಯೇ ಬೇಕೆಂದು ಓದಿದೆ. ಗಾಳಿ ಪೂರ್ತಿ ಒಣಗಿದರೆ ಒಳಗಿನ ಮರ ಕುಗ್ಗಿ, ಚಿಪ್ಪು ಹಿಡಿತ ಬಿಡುತ್ತದಂತೆ. ನೀರು ಪೆಟ್ಟಿಗೆಗೇ ಎಂದು ಅವ್ವನಿಗೆ ನಾನು ತಮಾಷೆಗೆ ಕೊಟ್ಟ ಉತ್ತರವೇ ಸರಿಯಾಗಿತ್ತು. ಆದರೆ ಆ ಕಾಗದದ ಕೊನೆಯ ಸಾಲು ಕೇಳಿದ ಮೇಲೆ ಅವ್ವನದು ಪೂರ್ತಿ ತಪ್ಪು ಎಂದೂ ನನಗೆ ಹೇಳಲಾಗುವುದಿಲ್ಲ.

ಅಲ್ಲಿಂದ ಸಂಜೆಯ ಕೂಟ ನಿಂತಿತು. ಬಾಯಾರ ಎದುರಿಗೆ ಸಿಕ್ಕರೆ "ಊಟ ಆತ್ರಿ?" ಎನ್ನುತ್ತಿದ್ದರು. ಕ್ರಿಸ್ಮಸ್ಸಿಗೆ ತಿಂಡಿಯ ತಟ್ಟೆ ಬರುತ್ತಿತ್ತು, ಪಂಚಮಿಗೆ ಉಂಡಿ ಹೋಗುತ್ತಿತ್ತು. ಆದರೆ ಐದಕ್ಕೆ ಬಲ್ಕಾಂವಿನ ಒಂದು ಕಡೆ ಬಾಯಾರ ಒಬ್ಬರೇ ಇರುತ್ತಿದ್ದರು. ಅವ್ವ ಹಿತ್ತಲಲ್ಲಿ ಬಾವಿಯ ಕಟ್ಟೆಗೆ ಒರಗಿ, ಮುಂಬಾಗಿಲಿನ ಕಡೆ ಕಿವಿಗೊಟ್ಟು ಕೂರುತ್ತಿದ್ದಳು. ನಾನು ಒಂದು ವಾಕ್ಯ ಆಡಿದ್ದರೆ ಸಾಕಿತ್ತು. ಮೂರು ವರ್ಷ ಅದೇ ಮನೆಯಲ್ಲಿದ್ದೆವು. ದಿನಾ ಎರಡು ಸಲ ಬಾಯಾರ ಮುಂದೆ ಹಾದು ಹೋಗುತ್ತಿದ್ದೆ.

2006ರಲ್ಲಿ ನಾವು ವಾಸ್ಕೋದ ಒಂದು ಫ್ಲ್ಯಾಟಿಗೆ ಬಂದೆವು. 2009ರಲ್ಲಿ ಅವ್ವ ತೀರಿಕೊಂಡಳು. ಅಷ್ಟರೊಳಗೆ ನನ್ನ ಮಟ್ಟಿಗೆ ಕತೆ ಗಟ್ಟಿಯಾಗಿತ್ತು: ಪಾಪದ ಅವ್ವ, ಅವಳ ಮೂಢನಂಬಿಕೆ, ಜಪಾನಿನ ಪೆಟ್ಟಿಗೆ. ಊಟದ ಹೊತ್ತಿಗೆ ಕಚೇರಿಯಲ್ಲಿ ಹೇಳಿದರೆ ಎಲ್ಲರೂ ನಗುತ್ತಿದ್ದರು. ತೆಂಗಿನ ಬುಡದ ಚಿತ್ರ ಎಲ್ಲಿಂದ ಬಂತೋ ತಿಳಿಯದು. ಅವಳು ಒಪ್ಪಿಕೊಂಡ ತಪ್ಪಿಗೆ ತಕ್ಕ ಹಾಗೆ ನನ್ನ ಮನಸ್ಸೇ ಅವಳಿಗೆ ಸೆರಗು ಸಿಕ್ಕಿಸಿ, ಕೈಗೆ ಬಟ್ಟಲು ಕೊಟ್ಟು ನಿಲ್ಲಿಸಿರಬೇಕು.

2011ರಲ್ಲಿ ಫ್ಲ್ಯಾಟಿಗೆ ಬಣ್ಣ ಬಳಿಸುವಾಗ ಹಳೆಯ ಡೈರಿಗಳ ಗಂಟು ಬಿಚ್ಚಿದೆ. ಆ ರವಿವಾರದ ಪುಟದಲ್ಲಿ ಹೀಗಿತ್ತು: "ಅವ್ವನ ಗೋಳು ಸಾಕಾಗಿ ಬಟ್ಟಲು ನಾನೇ ಚೆಲ್ಲಿದೆ. ಪೆಟ್ಟಿಗೆ ಬಿಸಿಲಿಗೆ. ಕೇಳದೆ ಮುಟ್ಟಬಾರದು ಎಂದು ಅವ್ವ ಮುಖ ಗಂಟಿಕ್ಕಿಕೊಂಡಿದ್ದಾಳೆ. ಸಂಜೆ ವಾಸನೆ ಹೋಗಿದೆ."

ಡೈರಿ ಸುಳ್ಳು ಹೇಳುವುದಿಲ್ಲ ಎಂದೇನಲ್ಲ. ನಾನು ಅತ್ತ ದಿನಗಳಲ್ಲಿ ಅದರಲ್ಲಿ "ಆರಾಮ" ಎಂದು ಬರೆದದ್ದಿದೆ. ಆದರೆ ಅವತ್ತು ಸುಳ್ಳು ಬರೆಯಲು ನನಗೆ ಕಾರಣವಿರಲಿಲ್ಲ. ತಪ್ಪು ಎಂದೇ ಇನ್ನೂ ಗೊತ್ತಿರಲಿಲ್ಲ. ವಿಚಿತ್ರವೆಂದರೆ, ಓದಿದ ಮೇಲೂ ಆ ಚಿತ್ರ ಅಳಿಯಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಅವ್ವ ಬಗ್ಗಿ ನೀರು ಬಿಡುತ್ತಾಳೆ. ಒಂದೇ ವ್ಯತ್ಯಾಸ, ಮುಗಿದ ಮೇಲೆ ತಿರುಗಿ ನನ್ನ ಕಡೆ ನೋಡುತ್ತಾಳೆ. ಇರದಿದ್ದ ಆ ಅವ್ವ ಇಷ್ಟು ಸ್ಪಷ್ಟ. ನಿಜವಾಗಿ ಇದ್ದವಳ ಮುಖ ನೆನಪಾಗಲು ನಾನು ಫೋಟೋ ನೋಡಬೇಕು.

ಆ ತಿಂಗಳೇ ಬಾಯಾರನ್ನು ನೋಡಲು ಹೋದೆ. ಬಲ್ಕಾಂವಿನಲ್ಲೇ ಇದ್ದರು, ಬಹಳ ಸಣ್ಣಗಾಗಿದ್ದರು. ಅವ್ವ ಹೋದ ಸುದ್ದಿ ಅವರಿಗೆ ಯಾರಿಂದಲೋ ತಿಳಿದಿತ್ತು. ನಾನು ಎದುರಿಗೆ ಕೂತು, ಸುತ್ತು ಬಳಸದೆ ಹೇಳಿದೆ.

"ಬಾಯಾರ, ಅವತ್ತ ನೀರ ಚೆಲ್ಲಿದ್ದು ಅವ್ವ ಅಲ್ರಿ. ನಾನು."

"ಗೊತ್ತದ."

"ಯಾವಾಗಿಂದ?"

"ಅವತ್ತಿಂದ. ನಾ ಎದುರಿಗೆ ಇಲ್ಲದಾಗ ನಿಮ್ಮ ಅವ್ವ ನನ್ನ ಮನ್ಯಾಗಿನ ಒಂದ ಚಮಚಾ ಮುಟ್ಟಿದಾಕಿ ಅಲ್ಲ. ಪೆಟಗಿ ಎತಗೊಂಡ ಹೋಗತಾಳೇನ?"

"ಮತ್ತ ಆಕಿ ಜೋಡಿ ಕೂಡೂದ ಯಾಕ ಬಿಟ್ರಿ?"

ಅವರು ಮಂಡಿಯ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡರು. "ನನ್ನ ಮಾರಿ ನೋಡಿ ಸುಳ್ಳ ಹೇಳಿದ್ಲು. ಎದುರಿಗೆ ಕುಂತ್ರ ನಾ ಕೇಳಬೇಕು, ಆಕಿ ಮತ್ತ ಅದನ್ನ ಹೇಳಬೇಕು. ಮಗಳ ಸಲುವಾಗಿ ಹೇಳಾಕತ್ತಾಳ, ಹೇಳಿಸೂದು ಬ್ಯಾಡ ಅಂತ ಬಿಟ್ಟೆ. ನೀ ಬಂದು ಹೇಳ್ತಿ ಅಂತ ದಾರಿ ನೋಡಿದೆ. ನೀ ಹೇಳಿದ್ರ ಅವತ್ತ ಆಕಿನ ಕರೀತಿದ್ದೆ."

"ನಾ ಮರತಿದ್ದೆ ರೀ."

"ಒಂದ ವಾರದಾಗ ಮರತ್ಯಾ?"

ಯಾವ ದಿನದವರೆಗೆ ನಾನು ಸುಳ್ಳು ಹೇಳುತ್ತಿದ್ದೆ, ಯಾವ ದಿನದಿಂದ ಅದನ್ನು ನಂಬಿದೆ ಎಂದು ಎಷ್ಟು ಹುಡುಕಿದರೂ ಗೆರೆ ಸಿಗುವುದಿಲ್ಲ.

ಪೆಟ್ಟಿಗೆಯ ಮಾತು ಅವರು ಎತ್ತಲಿಲ್ಲ. ನಾನು ಏಳುವಾಗ ಕೇಳಿದರು: "ವಾಸ್ಕೋಕ್ಕ ಹೋದ ಮ್ಯಾಲ ಆಕಿ ನನ್ನ ನೆನಸ್ತಿದ್ಲೇನ?"

"ದಿನಾ ನೆನಸ್ತಿದ್ಲು" ಎಂದೆ.

ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಹೇಳಿದ್ದು ನಿಜವೋ ಎಂದು ನನಗೂ ತಿಳಿಯಲಿಲ್ಲ. ಮನೆಗೆ ಬಂದು ವಾಸ್ಕೋದ ಮೂರು ವರ್ಷದ ಡೈರಿಗಳನ್ನು ಪುಟ ಬಿಡದೆ ನೋಡಿದೆ. ಬಾಯಾರ ಹೆಸರು ಮೂರು ಕಡೆ ಸಿಕ್ಕಿತು. "ಅವ್ವ ಬಾಯಾರ ಮನೆಗೆ ಹೋಗೋಣ ಎಂದಳು. ಮಳೆ." "ಅವ್ವ ಮತ್ತೆ ಸಾಂಕೋಲೆ ಎಂದಳು. ಕಚೇರಿಯಲ್ಲಿ ತಪಾಸಣೆ ಇದೆ." ಮೂರನೆಯದು ಅವಳು ಹಾಸಿಗೆ ಹಿಡಿಯುವ ಮೊದಲಿನ ತಿಂಗಳದು. "ಬಾಯಾರ ಕಡೆ ಒಮ್ಮೆ ಕರೆದುಕೊಂಡು ಹೋಗು ಎಂದಳು. ಮುಂದಿನ ವಾರ ಎಂದೆ." ಮುಂದಿನ ವಾರದ ಪುಟಗಳಲ್ಲಿ ಕಚೇರಿಯ ಸಂಗತಿಗಳಿವೆ.